ನಾನು ಎಣಿಸದ ಚೀಲಗಳು

ನಾನು ಆ ಗೋದಾಮಿಗೆ ಹೋಗಿರಲಿಲ್ಲ. ಹೋಗಿ ನೋಡಿದ್ದೇನೆ ಎಂದು ಬರೆದುಕೊಟ್ಟೆ. ಸಹಿ ಮಾಡಿದೆ, ಶಿಕ್ಕಾ ಹೊಡೆದೆ. ಆ ಒಂದು ಹಾಳೆಯ ಕಾರಣದಿಂದ ಶಿವಲೀಲಾ ಎಂಬ ಹೆಣ್ಣುಮಗಳು ಕಳ್ಳಿ ಎನಿಸಿಕೊಂಡು ಊರು ಬಿಟ್ಟಳು. ನಾನು ಸುಮ್ಮನಿದ್ದೆ — ಅಲ್ಲ, ಸುಮ್ಮನಿದ್ದೆ ಎನ್ನುವುದೂ ಪೂರ್ತಿ ನಿಜವಲ್ಲ. ನಾಲ್ಕು ಜನರ ಮುಂದೆ ಕೇಳಿದಾಗ ಸುಳ್ಳು ಹೇಳಿದೆ. ಇದಾಗಿ ನಾಲ್ಕು ವರ್ಷ.

ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಹಗುರಾಗಬಹುದು ಅಂದುಕೊಂಡಿದ್ದೆ. ಆಗಿಲ್ಲ. ಆದರೂ ಹೇಳುತ್ತೇನೆ.

ನಾನು ಕುಂದಗೋಳದಲ್ಲಿ ಲೆಕ್ಕಪರಿಶೋಧಕ. ಜನರ ಬಾಯಲ್ಲಿ ಆಡಿಟರ್ ಸಾಹೇಬ್ರು. ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆ ನನ್ನ ಕಚೇರಿ, ಹಿಂದಿನ ಇನ್ನೊಂದು ಕೋಣೆ ನನ್ನ ಮನೆ. ಮದುವೆಯಾಗಲಿಲ್ಲ, ಯಾಕೆ ಎಂದು ಕೇಳುವವರಿದ್ದ ಕಾಲವೂ ಮುಗಿದುಹೋಯಿತು. ಅಣ್ಣಿಗೇರಿಯ ಹತ್ತಿ ಜಿನ್ನಿಂಗ್ ಕಾರ್ಖಾನೆಗಳು, ನವಲಗುಂದ ಕಡೆಯ ಕಡಲೆ ವ್ಯಾಪಾರಿಗಳು, ಕಲಘಟಗಿಯ ಎರಡು ಶಾಲೆಗಳು, ಸುತ್ತಲಿನ ಒಂದಿಷ್ಟು ಸಂಘಗಳು — ಇವರು ತೋರಿಸಿದ್ದು ನಿಜವೋ ಅಲ್ಲವೋ ಎಂದು ನೋಡಿ ಹೇಳುವುದು ನನ್ನ ಕಸುಬು. 'ನೋಡಿ' ಎಂಬುದು ಅದರಲ್ಲಿ ಮುಖ್ಯವಾದದ್ದು. ಅದನ್ನೇ ನಾನು ಬಿಟ್ಟೆ.

ನನ್ನ ಕಚೇರಿಗೆ ಒಂದು ಹೆಸರಿತ್ತು: ಬೇಗ ಮುಗಿಸುತ್ತಾರೆ ಎಂದು. ಹುಬ್ಬಳ್ಳಿಯ ದೊಡ್ಡ ಕಚೇರಿಯವರು ತಿಂಗಳು ಎಳೆಯುವ ಕೆಲಸವನ್ನು ನಾನು ಎಂಟು ದಿನದಲ್ಲಿ ಮುಗಿಸುತ್ತಿದ್ದೆ. ಪ್ರತಿ ಕೆಲಸಕ್ಕೂ ಒಂದು ಪಟ್ಟಿ, ಪ್ರತಿ ಪಟ್ಟಿಗೂ ಒಂದು ಬಣ್ಣದ ಫೈಲು, ಪ್ರತಿ ಪತ್ರಕ್ಕೂ ಒಂದು ಸಿದ್ಧ ನಮೂನೆ. ಹೋದ ವರ್ಷದ ಪತ್ರ ತೆರೆದು, ದಿನಾಂಕ ಬದಲಿಸಿ, ಅಂಕಿ ತಿದ್ದಿದರೆ ಈ ವರ್ಷದ ಪತ್ರ ತಯಾರು. ದೊಡ್ಡ ಕಚೇರಿಗಳಲ್ಲಿ ಒಬ್ಬ ಮಾಡಿದ ಕೆಲಸವನ್ನು ಇನ್ನೊಬ್ಬ ತಿರುವಿ ಪರಿಶೀಲಿಸುತ್ತಾನೆ. ನನ್ನಲ್ಲಿ ಮಾಡುವವನೂ ನಾನೇ, ಪರಿಶೀಲಿಸುವವನೂ ನಾನೇ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು ಕೂತಿರುತ್ತಿದ್ದೆ ಅಂದರೂ ನಡೆದೀತು.

ಈ ಕಸುಬಿನವನಿಗೆ ಗೆಳೆಯರಿರುವುದಿಲ್ಲ. ನಾನು ಒಳಗೆ ಕಾಲಿಟ್ಟೊಡನೆ ಅಂಗಡಿಯಲ್ಲಿ ನಡೆಯುತ್ತಿದ್ದ ಮಾತು ನಿಲ್ಲುತ್ತದೆ. ಬರ್ರಿ ಸಾಹೇಬ್ರ, ಕುಂದರ್ರಿ ಎಂದು ಕುರ್ಚಿ ಒರೆಸಿ ಕೊಡುತ್ತಾರೆ, ಚಹಾ ತರಿಸುತ್ತಾರೆ, ಆಮೇಲೆ ನಾನು ಏಳುವುದನ್ನೇ ಕಾಯುತ್ತಾರೆ. ಮದುವೆ-ಮುಂಜಿಗೆ ಕರೆಯುತ್ತಾರೆ, ಪಂಕ್ತಿಯಲ್ಲಿ ನನ್ನ ಬಾಜೂಕ್ಕೆ ಕೂತವನು ಬೇಗ ಉಂಡು ಎದ್ದು ಹೋಗುತ್ತಾನೆ. ಖಾನಾವಳಿಯಲ್ಲಿ ಮೂಲೆಯ ಮೇಜು ನನ್ನದೇ ಆಗಿಹೋಗಿದೆ, ಎದುರಿನ ಕುರ್ಚಿಯನ್ನು ಬೇರೆ ಮೇಜಿನವರು ಎಳೆದುಕೊಂಡು ಹೋಗುತ್ತಾರೆ. ಇದನ್ನು ದೂರೆಂದು ಹೇಳುತ್ತಿಲ್ಲ. ಅವಳು ಬಂದ ಮೇಲೆ ನನಗೇನು ಸಿಕ್ಕಿತ್ತು ಎಂಬುದು ನಿಮಗೆ ತಿಳಿಯಲಿ ಎಂದು ಹೇಳಿದೆ.

ಶಿವಲೀಲಾ ಕಲಘಟಗಿ ತಾಲೂಕಿನ ದುಮ್ಮವಾಡದ ಮಗಳು. ಕುಂದಗೋಳದಿಂದ ಹತ್ತು ಕಿಲೋಮೀಟರ್ ದೂರದ ಒಂದು ಹಳ್ಳಿಗೆ ಸೊಸೆಯಾಗಿ ಬಂದಿದ್ದಳು. ಬಿ.ಕಾಂ. ಆಗಿತ್ತು. ಮನೆಯಲ್ಲಿ ಸುಮ್ಮನೆ ಕೂಡುವ ಜೀವವಲ್ಲ ಎಂದು ಅವಳ ಮಾವನೇ ಕರೆದುಕೊಂಡು ಬಂದು ನನ್ನ ಕಚೇರಿಯಲ್ಲಿ ಬಿಟ್ಟರು. ಎರಡು ವರ್ಷ ನನ್ನ ಕೈಕೆಳಗೆ ಕೆಲಸ ಮಾಡಿದಳು. ಮಧ್ಯಾಹ್ನ ಅವಳು ಮನೆಯಿಂದ ತಂದ ಬುತ್ತಿ ಬಿಚ್ಚುತ್ತಿದ್ದಳು, ನಾನು ಖಾನಾವಳಿಯಿಂದ ಡಬ್ಬಿ ತರಿಸುತ್ತಿದ್ದೆ. ಅದೇ ಮೇಜಿನ ಮೇಲೆ ಫೈಲು ಬಾಜೂಕ್ಕೆ ಸರಿಸಿ ಉಣ್ಣುತ್ತಿದ್ದೆವು. ದೊಡ್ಡ ಮಾತೇನೂ ಇರುತ್ತಿರಲಿಲ್ಲ — ಖಾನಾವಳಿಯವನ ಸಾರು ನೀರಾಗಿದೆ, ಬಸ್ಸು ಇವತ್ತೂ ತಡ, ಅವಳ ಅತ್ತೆಗೆ ಮಂಡಿ ನೋವು. ಮಗಳಂತೆ ಕಂಡೆ ಎಂದು ಬರೆದರೆ ಚೆಂದ ಕಾಣುತ್ತದೆ, ಆದರೆ ಅದೂ ಒಂದು ಸುಳ್ಳೇ ಆದೀತು. ಎದುರಿನ ಕುರ್ಚಿಯಲ್ಲಿ ಒಂದು ಜೀವ ಇತ್ತು. ನನಗೆ ಅಷ್ಟು ಸಾಕಾಗಿತ್ತು.

ಅವಳಲ್ಲಿ ನನಗೆ ಸೇರದಿದ್ದ ಒಂದೇ ಗುಣವೆಂದರೆ ನಿಧಾನ. ಮಾರ್ಚ್ ಕೊನೆಗೆ ಗೋದಾಮುಗಳಲ್ಲಿರುವ ಮಾಲನ್ನು ನಾವು ಹೋಗಿ ಎಣಿಸಬೇಕು. ಒಂದರ ಮೇಲೊಂದು ಒಟ್ಟಿದ ಚೀಲಗಳ ಸಾಲಿಗೆ ಇಲ್ಲಿ ಥಪ್ಪಿ ಎನ್ನುತ್ತೇವೆ. ಎಲ್ಲರೂ ಏನು ಮಾಡುತ್ತಾರೆ — ಉದ್ದಕ್ಕೆಷ್ಟು, ಅಗಲಕ್ಕೆಷ್ಟು, ಎತ್ತರಕ್ಕೆಷ್ಟು ಎಂದು ಎಣಿಸಿ ಗುಣಿಸುತ್ತಾರೆ, ಮುಗಿಯಿತು. ಇವಳು ಸೀಮೆಸುಣ್ಣ ಹಿಡಿದು, ಸೆರಗು ಬಿಗಿದು, ಏಣಿ ಹತ್ತಿ ಥಪ್ಪಿಯ ನೆತ್ತಿಗೆ ಹೋಗುವಳು. ನಡುವಿನ ಒಂದೆರಡು ಸಾಲು ಹಮಾಲರಿಂದ ಇಳಿಸುವಳು. ಮುಟ್ಟಿದ ಪ್ರತಿ ಚೀಲಕ್ಕೂ ಒಂದು ಗೀಟು. ಹಮಾಲರು ಗೊಣಗುವರು, ಮಾಲೀಕರು ನನಗೆ ಫೋನು ಮಾಡುವರು, ನಾನು ಅವಳಿಗೆ ಬೈಯುವೆ. ಅವಳು ಕೇಳಿಸಿಕೊಂಡು, ಮತ್ತೆ ಹಾಗೆಯೇ ಮಾಡುವಳು.

ನಮ್ಮ ಪ್ರಮಾಣಪತ್ರದ ನಮೂನೆಯಲ್ಲಿ ಒಂದು ವಾಕ್ಯ ಅವಳೇ ಬರೆದು ಸೇರಿಸಿದ್ದು. "ಥಪ್ಪಿಯ ಮೇಲೆ ಹತ್ತಿ, ನಡುವಿನ ಸಾಲುಗಳನ್ನು ಇಳಿಸಿ, ಒಳಗೆ ಪೊಳ್ಳು ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲಾಗಿದೆ." ತಾನು ಮಾಡಿದ್ದನ್ನು ತಾನು ಬರೆದಿದ್ದಳು. ಓದಿ ನನಗೂ ಖುಷಿಯಾಯಿತು. ಇಂಥ ವಾಕ್ಯ ಯಾವ ಕಚೇರಿಯ ಪತ್ರದಲ್ಲೂ ಇರಲಿಲ್ಲ. ಅದನ್ನು ನಮೂನೆಯಲ್ಲಿ ಕಾಯಂ ಮಾಡಿದೆ. ವಾಕ್ಯ ಉಳಿಯಿತು, ಕೆಲಸವನ್ನು ನಾನು ಸವೆಸುತ್ತ ಬಂದೆ. ಸಣ್ಣ ಗೋದಾಮುಗಳಿಗೆ ಹೋಗುವುದು ಬಿಟ್ಟು, ಅವರಿಂದಲೇ ಮೊಬೈಲಿಗೆ ಫೋಟೊ ತರಿಸಿಕೊಂಡು ಕೂತಲ್ಲೇ ಗುಣಿಸತೊಡಗಿದೆ. ಫೋಟೊದಲ್ಲಿ ಮುಂದಿನದು ಕಾಣುತ್ತದೆ, ಹಿಂದಿನದು ಕಾಣುವುದಿಲ್ಲ ಎಂದು ಅವಳು ಒಮ್ಮೆ ಹೇಳಿದಳು. ಕಾಲಕ್ಕೆ ತಕ್ಕಂತೆ ನಡೆಯಬೇಕು ತಂಗಿ ಎಂದು ನಾನು ನಕ್ಕುಬಿಟ್ಟೆ.

ಅವಳ ಗಂಡನ ಊರಿನಲ್ಲಿ ಮೆಣಸಿನಕಾಯಿ ಬೆಳೆಯುವವರೆಲ್ಲ ಸೇರಿ ಒಂದು ರೈತರ ಕಂಪನಿ ಮಾಡಿಕೊಂಡಿದ್ದರು. ಸುಗ್ಗಿಯಲ್ಲಿ ಎಲ್ಲರ ಮಾಲೂ ಒಂದೇ ಗೋದಾಮಿಗೆ ಬಂದು, ಒಳ್ಳೆಯ ದರ ಬಂದಾಗ ಒಟ್ಟಿಗೆ ಹೋಗುತ್ತಿತ್ತು. ಅದರ ಆಡಿಟ್ ನನ್ನದೇ. ಅಲ್ಲಿನ ಮ್ಯಾನೇಜರ್ ಬೇರೆ ಜಿಲ್ಲೆಯಲ್ಲಿ ಕೆಲಸ ಹಿಡಿದು ಹೊರಟ. ಆ ಜಾಗಕ್ಕೆ ಶಿವಲೀಲಾಳನ್ನು ಕರೆದರು. ಮನೆಯ ಬಾಗಿಲಿಗೇ ಕೆಲಸ, ಊರಿನ ಮೊದಲ ಹೆಣ್ಣು ಮ್ಯಾನೇಜರ್. ಅವಳು ಪೇಢೆ ತಂದು ನನ್ನ ಮುಂದಿಟ್ಟಳು. ನಾನು ತಿಂದೆ. ಬಹಳ ಛಲೋ ಆತು ಎಂದೆ. ಒಳಗೆ ಸಿಟ್ಟು ಬಂದಿತ್ತು — ಈಗ ಹೇಳುತ್ತಿದ್ದೇನೆ, ಬಹಳ ಸಿಟ್ಟು ಬಂದಿತ್ತು. ಎರಡು ವರ್ಷ ಕಲಿಸಿದೆ, ಈಗ ಹೊರಟುನಿಂತಳು ಎಂದು. ಮಧ್ಯಾಹ್ನದ ಆ ಕುರ್ಚಿ ಮತ್ತೆ ಖಾಲಿ ಬೀಳುತ್ತದೆ ಎಂದು.

ಆ ಮಾರ್ಚ್ ಕೊನೆಗೆ ಅವಳು ಇನ್ನೂ ನನ್ನ ಕಚೇರಿಯಲ್ಲೇ ಇದ್ದಳು. ಎಣಿಕೆಗೆ ಯಾರು ಎಲ್ಲಿಗೆ ಎಂದು ಪಟ್ಟಿ ಹಾಕುವಾಗ ಅವಳೇ ಹೇಳಿದಳು — ತಾನು ನಾಳೆ ಹೋಗಿ ಕೂಡುವ ಜಾಗವನ್ನು ತಾನೇ ಎಣಿಸುವುದು ಸರಿಯಲ್ಲ, ಆ ಗೋದಾಮಿಗೆ ನೀವೇ ಹೋಗಬೇಕು ಎಂದು. ನ್ಯಾಯವಾದ ಮಾತು. ನಾನು ಕಲಿಸಿದ ಮಾತೇ. ಆ ದಿನ ಅವಳು ಬೆಳಿಗ್ಗೆಯ ಬಸ್ಸಿಗೆ ಅಣ್ಣಿಗೇರಿಗೆ ಹೋದಳು. ನಾನು ಹತ್ತು ಕಿಲೋಮೀಟರ್ ಹೋಗಬೇಕಿತ್ತು.

ಹೋಗಲಿಲ್ಲ. ಯಾಕೆ ಎಂದು ನಾಲ್ಕು ವರ್ಷದಿಂದ ನನ್ನನ್ನೇ ಕೇಳಿಕೊಂಡಿದ್ದೇನೆ. ಮೆಣಸಿನಕಾಯಿ ಗೋದಾಮಿನ ಘಾಟು ಗೊತ್ತಿದ್ದವರಿಗೆ ಗೊತ್ತು. ಒಳಗೆ ಕಾಲಿಟ್ಟರೆ ಎರಡು ದಿನ ಕೆಮ್ಮು ಬಿಡುವುದಿಲ್ಲ, ನನಗಂತೂ ಮೊದಲೇ ದಮ್ಮು. ಅದು ಒಂದು. ಮೇಜಿನ ಮೇಲೆ ಬೇರೆ ಕೆಲಸ ರಾಶಿ ಬಿದ್ದಿತ್ತು, ಅದು ಇನ್ನೊಂದು. ಆದರೆ ಇವೆರಡೂ ಇಲ್ಲದಿದ್ದರೂ — ನನ್ನಿಂದ ಅವಳನ್ನು ಕಿತ್ತುಕೊಂಡ ಆ ಊರಿಗೆ ಹೋಗಿ, ನಾಳೆ ಅವಳು ಕೂಡುವ ಕುರ್ಚಿಯನ್ನು ನೋಡಿಬರುವ ಮನಸ್ಸು ನನಗಿರಲಿಲ್ಲ. ಮುನಿಸಿಕೊಂಡ ಕೂಸಿನಂತೆ ಕೂತೆ. ಹಳೆಯ ಮ್ಯಾನೇಜರನಿಗೆ ಫೋನು ಮಾಡಿದೆ, ಅವನು ಮುಂದಿನಿಂದ ಒಂದು, ಬಾಜೂದಿಂದ ಒಂದು ಫೋಟೊ ಕಳಿಸಿದ. ಉದ್ದಕ್ಕೆ ಹನ್ನೆರಡು, ಅಗಲಕ್ಕೆ ಹತ್ತು, ಎತ್ತರಕ್ಕೆ ಎಂಟು. ಒಂಬೈನೂರಾ ಅರವತ್ತು. ಅವರ ರಜಿಸ್ಟರಿನಲ್ಲೂ ಅಷ್ಟೇ. ನಮೂನೆ ತೆರೆದೆ, ದಿನಾಂಕ ಬದಲಿಸಿದೆ. ಅವಳು ಬರೆದ ಆ ವಾಕ್ಯ ಅಲ್ಲೇ ಇತ್ತು. ಅಳಿಸಲಿಲ್ಲ. ಚಹಾ ಆರುವಷ್ಟರಲ್ಲಿ ಪತ್ರ ಮುಗಿದಿತ್ತು.

ಏಪ್ರಿಲ್ ಮೊದಲ ವಾರ ಅವಳು ಅಲ್ಲಿ ಅಧಿಕಾರ ತೆಗೆದುಕೊಳ್ಳುವ ದಿನ ನನಗೆ ಫೋನು ಮಾಡಿದಳು. ಅವಳ ಮುಂದೆ ಹಳೆಯ ಮ್ಯಾನೇಜರ್ ನಿಂತಿದ್ದ, ಅವಳ ಕೈಯಲ್ಲಿ ನನ್ನ ಪತ್ರವಿತ್ತು.

"ಸರ್, ಥಪ್ಪಿ ಎಲ್ಲಾ ಇಳಿಸಿ ಒಮ್ಮೆ ಎಣಿಸಿ ಚಾರ್ಜ್ ತಗೊಳ್ಳೇನ್ರಿ? ಎರಡು ದಿನದ ಕೆಲಸ ಐತಿ. ಇವರು ಯಾಕ ಸುಮ್ನ ಅನ್ನಾಕತ್ತಾರ."

ಇಲ್ಲಿ ನಿಲ್ಲಬೇಕು. ನನ್ನ ಬದುಕಿನಲ್ಲಿ ಹಿಂದಕ್ಕೆ ಹೋಗಿ ಒಂದೇ ಒಂದು ಗಳಿಗೆಯನ್ನು ಬದಲಿಸಬಹುದು ಎಂದು ಯಾರಾದರೂ ಅಂದರೆ, ಗೋದಾಮಿಗೆ ಹೋಗದ ಆ ದಿನವನ್ನು ನಾನು ಕೇಳುವುದಿಲ್ಲ. ಈ ಗಳಿಗೆಯನ್ನು ಕೇಳುತ್ತೇನೆ. ಹೂಂ ಎಂದಿದ್ದರೆ ಸಾಕಿತ್ತು. ಎಣಿಸು ತಂಗಿ ಎಂದಿದ್ದರೆ ಅವಳು ಸೀಮೆಸುಣ್ಣ ಹಿಡಿದು ಏಣಿ ಹತ್ತುತ್ತಿದ್ದಳು, ಸಂಜೆಯೊಳಗೆ ಎಲ್ಲ ಬಯಲಾಗುತ್ತಿತ್ತು. ಆದರೆ ಅವಳು ಎಣಿಸಿದರೆ, ಮತ್ತು ಒಂದು ಚೀಲ ಹೆಚ್ಚುಕಡಿಮೆ ಬಂದರೆ, ನಾನು ಹೋಗಿಲ್ಲ ಎನ್ನುವುದು ಎಲ್ಲರಿಗಿಂತ ಮೊದಲು ಅವಳಿಗೇ ತಿಳಿಯುತ್ತಿತ್ತು. ಬೇರೆ ಯಾರಿಗೆ ತಿಳಿದರೂ ತಡೆದುಕೊಂಡೇನು. ಅವಳಿಗೆ ಮಾತ್ರ —

"ಏನೂ ಬ್ಯಾಡ," ಎಂದೆ. "ನಾ ಕಣ್ಣಾರೆ ನೋಡಿ ಬಂದೇನಿ. ಸಹಿ ಮಾಡಿ ತಗೋ."

"ನೀವು ನೋಡೀರಿ ಅಂದ್ರ ಮುಗೀತ್ ಬಿಡ್ರಿ," ಎಂದು ಫೋನಿಟ್ಟಳು. ಜನ್ಮದಲ್ಲಿ ಮುಟ್ಟದೆ ಒಂದು ಚೀಲವನ್ನೂ ಲೆಕ್ಕಕ್ಕೆ ಹಿಡಿಯದವಳು, ಅದೊಂದು ಸಲ, ನನ್ನ ಮಾತು ನಂಬಿ ಸಹಿ ಮಾಡಿದಳು.

ಮೇ ಕೊನೆಗೆ, ಮಳೆ ಹಿಡಿಯುವ ಮೊದಲು ಮಾಲನ್ನು ಕೋಲ್ಡ್ ಸ್ಟೋರೇಜಿಗೆ ಸಾಗಿಸಲು ಲಾರಿ ಬಂತು. ಹಮಾಲರು ಮೇಲಿನ ಸಾಲು ಎತ್ತುತ್ತಿದ್ದಂತೆ ಥಪ್ಪಿಯ ನಡು ಕುಸಿಯಿತು. ಕೆಳಗೆ ಖಾಲಿ ಪೀಪಾಯಿಗಳು, ಅವುಗಳ ಮೇಲೆ ಹಲಗೆ, ಹಲಗೆಯ ಮೇಲೆ ಒಂದೇ ಒಂದು ಸಾಲು ಚೀಲ. ಸುತ್ತಲೂ ಗೋಡೆಯಂತೆ ಚೀಲ ಒಟ್ಟಿ ಒಳಗನ್ನು ಪೊಳ್ಳು ಮಾಡಿದ್ದರು. ಎಣಿಸಿದಾಗ ನೂರಾ ನಲವತ್ತು ಚೀಲ ಇರಲಿಲ್ಲ. ಹಳೆಯ ಮ್ಯಾನೇಜರನ ಕೆಲಸ ಅದು ಎಂದು ನನಗೆ ಕೇಳಿದ ಕ್ಷಣವೇ ಹೊಳೆಯಿತು. ಫೋಟೊ ಯಾಕೆ ಎರಡೇ ಬದಿಯಿಂದ ಬಂದಿತ್ತು ಎಂಬುದೂ ಹೊಳೆಯಿತು. ಆದರೆ ಮಾರ್ಚ್ ಕೊನೆಗೆ ಒಳಗೆ ಪೊಳ್ಳಿರಲಿಲ್ಲ ಎಂದು ನಾನೇ ಬರೆದುಕೊಟ್ಟಿದ್ದೆ. ಅಂದಮೇಲೆ ಪೊಳ್ಳಾದದ್ದು ಅದರ ನಂತರ. ಅದರ ನಂತರ ಗೋದಾಮಿನ ಕೀಲಿ ಇದ್ದದ್ದು ಶಿವಲೀಲಾಳ ಕೈಯಲ್ಲಿ.

ಕಂಪನಿಯ ಅಧ್ಯಕ್ಷರು ಶಾಲೆಯ ಒಂದು ಕೋಣೆಯಲ್ಲಿ ವಿಚಾರಣೆ ಇಟ್ಟರು. ನನ್ನನ್ನೂ ಕರೆಸಿದರು. ಮೂವರು ನಿರ್ದೇಶಕರು, ಶಿವಲೀಲಾ, ಅವಳ ಹಿಂದೆ ಗೋಡೆಗೆ ಆತು ನಿಂತ ಅವಳ ಮಾವ. ಅಧ್ಯಕ್ಷರು ನನ್ನ ಪತ್ರವನ್ನು ಗಟ್ಟಿಯಾಗಿ ಓದಿದರು. ಥಪ್ಪಿಯ ಮೇಲೆ ಹತ್ತಿ, ನಡುವಿನ ಸಾಲುಗಳನ್ನು ಇಳಿಸಿ — ಅವಳು ತಟ್ಟನೆ ತಲೆ ಎತ್ತಿದಳು. ತನ್ನದೇ ವಾಕ್ಯ ಅಲ್ಲವೇ. ಅದನ್ನು ಬರೆದವಳಿಗೆ ಅದರ ಬೆಲೆ ಗೊತ್ತಿತ್ತು. ಅದು ಸುಳ್ಳಿರಬಹುದು ಎಂದು ಆ ಗಳಿಗೆಯಲ್ಲೂ ಅವಳಿಗೆ ಅನ್ನಿಸಿರಲಿಲ್ಲ ಎಂದು ನನಗೆ ಅವಳ ಮುಖದಲ್ಲಿ ಕಂಡಿತು. ಗೋದಾಮಿಗೆ ಹೋಗಿದ್ದಿರಾ ಎಂದು ಕೇಳಿದರು. ಹೋಗಿದ್ದೆ ಎಂದೆ.

ಎಣಿಸದೆ ಯಾಕೆ ಅಧಿಕಾರ ತೆಗೆದುಕೊಂಡೆ ಎಂದು ಅವಳನ್ನು ಕೇಳಿದರು. ಫೋನು ಮಾಡಿದ್ದೆ, ಸರ್ ಬೇಡ ಅಂದರು ಎಂದಳು. ಎಲ್ಲರೂ ನನ್ನ ಕಡೆ ತಿರುಗಿದರು.

"ಹೌದೇನ್ರಿ ಸಾಹೇಬ್ರ?" ಅಧ್ಯಕ್ಷರು ಕೇಳಿದರು. "ಎಣಿಸಬ್ಯಾಡ ಅಂತ ನೀವ ಹೇಳಿದ್ರೇನು?"

"ಹಂಗ ಹೇಳಿದ್ದು ನನಗ ನೆನಪಿಲ್ರಿ," ಎಂದೆ.

ಅವಳು ಜಗಳಾಡಬಹುದಿತ್ತು. ಅಳಬಹುದಿತ್ತು, ಫೋನಿನ ದಾಖಲೆ ತೆಗೆಸಿ ನೋಡ್ರಿ ಎನ್ನಬಹುದಿತ್ತು. ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಅಧ್ಯಕ್ಷರ ಕಡೆ ತಿರುಗಿ, "ಇರ್ಲಿ ಬಿಡ್ರಿ. ಸರ್ ಮರ್ತಿರಬೇಕು," ಎಂದಳು.

ಎಲ್ಲರ ಮುಂದೆ ನನ್ನ ಮಾನ ಕಾಯ್ದಳು. ನಾನು ಅದನ್ನೂ ತೆಗೆದುಕೊಂಡೆ. ನನಗೆ ಅಕ್ಷರ ಅಕ್ಷರವೂ ನೆನಪಿತ್ತು — ಅವಳು ಕೇಳಿದ್ದು, ನಾನು ಹೇಳಿದ್ದು, ಫೋನಿನಲ್ಲಿ ಹಿಂದೆ ಯಾರೋ ಕೆಮ್ಮುತ್ತಿದ್ದದ್ದು ಕೂಡ.

ಪೊಲೀಸರ ತನಕ ಹೋಗುವುದು ಬೇಡ, ಊರಿನ ಮರ್ಯಾದೆ ಎಂದರು. ಅವಳು ಕೆಲಸ ಬಿಡಬೇಕು, ಕಡಿಮೆ ಬಿದ್ದ ಚೀಲಗಳನ್ನು ಮನೆಯವರು ತುಂಬಿಕೊಡಬೇಕು ಎಂದು ತೀರ್ಮಾನವಾಯಿತು. ಎರಡು ಸುಗ್ಗಿ ಆ ಮನೆಯ ಹೊಲದ ಮೆಣಸಿನಕಾಯಿ ಕಣದಿಂದ ನೇರ ಕಂಪನಿಯ ಗೋದಾಮಿಗೆ ಹೋಯಿತು. ಮಾವನೇ ಚಕ್ಕಡಿ ಹೊಡೆದುಕೊಂಡು ತಂದು ಹಾಕುತ್ತಿದ್ದರಂತೆ, ಯಾರ ಜೊತೆಗೂ ಮಾತಾಡದೆ. ಬಾವಿಗೆ, ಅಂಗಡಿಗೆ ಹೋದಲ್ಲೆಲ್ಲ ಹೆಂಗಸರು ಮುಖ ತಿರುಗಿಸತೊಡಗಿದಾಗ ಶಿವಲೀಲಾ, ಅವಳ ಗಂಡ ಇಬ್ಬರೂ ದುಮ್ಮವಾಡಕ್ಕೆ ಹೋಗಿ ನಿಂತರು. ಇದನ್ನೆಲ್ಲ ನಾನು ಆ ಕಂಪನಿಯ ಮುಂದಿನ ವರ್ಷದ ಆಡಿಟ್ ಮಾಡುವಾಗ, ಅವರು ಕೊಟ್ಟ ಚಹಾ ಕುಡಿಯುತ್ತ ಕೇಳಿದೆ. ಹೌದು, ಆಡಿಟ್ ಬಿಡಲಿಲ್ಲ. ಬಿಟ್ಟರೆ ಯಾಕೆ ಬಿಟ್ಟಿರಿ ಎಂದು ಕೇಳುತ್ತಾರಲ್ಲ.

ಆಮೇಲೆ ಯಾರನ್ನೂ ಕೆಲಸಕ್ಕೆ ಇಟ್ಟುಕೊಳ್ಳಲಿಲ್ಲ. ಎಲ್ಲ ಗೋದಾಮುಗಳಿಗೂ ನಾನೇ ಹೋಗತೊಡಗಿದೆ, ಏಣಿ ಹತ್ತತೊಡಗಿದೆ, ಕೆಮ್ಮತೊಡಗಿದೆ. ಸಾಹೇಬ್ರು ಈ ವಯಸ್ಸಿನಾಗೂ ಎಷ್ಟು ಖಡಕ್ ಎಂದು ಜನ ಹೊಗಳಿದರು. ಅದು ಪಶ್ಚಾತ್ತಾಪ ಎಂದು ನನಗೆ ನಾನೇ ಹೇಳಿಕೊಂಡೆ. ಅದರಿಂದ ಅವಳಿಗೇನಾಯಿತು? ಏನೂ ಇಲ್ಲ. ನನಗೆ ಮಾತ್ರ ಸ್ವಲ್ಪ ನಿದ್ದೆ ಬಂತು. ಮಾತಾಡುವವರು ಇಲ್ಲದ್ದು ಮೊದಲೂ ಇತ್ತು. ಈಗ ಯಾರಾದರೂ ಮಾತಾಡಿಸಿದರೂ ಅಂಜಿಕೆ, ಎಲ್ಲಿ ಅವಳ ಸುದ್ದಿ ಬರುತ್ತದೋ ಎಂದು. ನನ್ನ ಒಂಟಿತನಕ್ಕೆ ನಾನೇ ಒಳಗಿನಿಂದ ಅಗಳಿ ಹಾಕಿಕೊಂಡಿದ್ದೆ.

ನಮ್ಮ ಕಸುಬಿನಲ್ಲಿ ಕೆಲವು ವರ್ಷಕ್ಕೊಮ್ಮೆ ಬೇರೆ ಊರಿನ ಇನ್ನೊಬ್ಬ ಲೆಕ್ಕಪರಿಶೋಧಕ ಬಂದು ನಮ್ಮ ಫೈಲುಗಳನ್ನು ತಿರುವಿ ನೋಡುತ್ತಾನೆ — ನಮ್ಮನ್ನೂ ಯಾರಾದರೂ ನೋಡಬೇಕಲ್ಲ. ಹೋದ ತಿಂಗಳು ಹಾಗೆ ಒಬ್ಬರು ಬಂದರು. ನನಗಿಂತ ಬಹಳ ಸಣ್ಣವರು, ಒಳ್ಳೆಯ ಮನುಷ್ಯ. ಈ ವರ್ಷದವು ನಾಲ್ಕು ತೆಗೆದರು, ಹಳೆಯದೂ ಒಂದು ಇರಲಿ ಎಂದು ಕಪಾಟಿಗೆ ಕೈ ಹಾಕಿದರು. ಎಷ್ಟೋ ಫೈಲುಗಳ ನಡುವೆ ಅವರ ಕೈಗೆ ಬಂದದ್ದು ಅದೇ. ಹಾಳೆ ಹಾಳೆ ತಿರುವಿದರು. ಆ ಪತ್ರಕ್ಕೆ ಬಂದು, ಆ ವಾಕ್ಯವನ್ನು ಎರಡು ಸಲ ಓದಿದರು.

"ಸಾಹೇಬ್ರ, ಫೈಲ್ ಅಂದ್ರ ಹಿಂಗಿರಬೇಕ್ರಿ," ಎಂದರು. "ಥಪ್ಪಿ ಹತ್ತಿ ನೋಡಾವ್ರು ಈಗ ಯಾರದಾರ?"

ಮಧ್ಯಾಹ್ನ ನನ್ನ ಜೊತೆಗೇ ಖಾನಾವಳಿಗೆ ಬಂದರು. ಎದುರಿಗೆ ಕೂತು ಸಮಾಧಾನದಿಂದ ಉಂಡರು, ತಮ್ಮ ಮನೆಯ ಸುದ್ದಿ ಹೇಳಿದರು, ನನ್ನ ಆರೋಗ್ಯ ಕೇಳಿದರು. ಎಷ್ಟೋ ವರ್ಷದ ಮೇಲೆ ನನ್ನ ಎದುರು ಒಬ್ಬರು ಕೂತು ಅವಸರವಿಲ್ಲದೆ ರೊಟ್ಟಿ ಮುರಿದು ತಿಂದರು. ಈ ಪ್ರೀತಿ, ಈ ಗೌರವ ಯಾರಿಗೆ ಸಲ್ಲಬೇಕಾದದ್ದು ಎಂದು ನನಗೆ ಗೊತ್ತಿತ್ತು. ಅವರಿಗೆ ಹೇಳಿಬಿಡಲೇ ಎಂದು ಬಾಯಿ ತೆರೆದೆ — ನೀರು ಬೇಕೇನ್ರಿ ಎಂದು ಕೇಳಿ ಮುಚ್ಚಿಕೊಂಡೆ. ಅವರು ಸಂಜೆಯ ರೈಲಿಗೆ ಹೋದರು. ಮರುದಿನ ಕಂಪ್ಯೂಟರಿನ ಮುಂದೆ ಕೂತು ಒಂದು ಹಾಳೆ ಬರೆದೆ, ಮುದ್ರಿಸಿ ಚೀಲದಲ್ಲಿಟ್ಟುಕೊಂಡೆ, ಹುಬ್ಬಳ್ಳಿಗೆ ಹೋಗಿ ಅಲ್ಲಿಂದ ದುಮ್ಮವಾಡದ ಬಸ್ಸು ಹಿಡಿದೆ.

ಅವಳು ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದಾಳೆ. ನಾನು ಹೋದಾಗ ನಾಲ್ಕೈದು ಜೋಳದ ಡಬ್ಬಿಗಳು ಸಾಲಿನಲ್ಲಿದ್ದವು. ಹುಬ್ಬಿನ ಮೇಲೆ, ತಲೆಗೆ ಕಟ್ಟಿದ ಬಟ್ಟೆಯ ಮೇಲೆಲ್ಲ ಹಿಟ್ಟು. ಮೊದಲು ನನಗೆ ಅವಳ ಗುರುತೇ ಹತ್ತಲಿಲ್ಲ. ಅವಳಿಗೆ ಹತ್ತಿತು. ಮೋಟರ್ ಬಂದ್ ಮಾಡಿದಳು. ಊಟ ಆಗಿದೆಯೇನು ಸರ್ ಎಂದು ಕೇಳಿದಳು, ನಿನ್ನೆ ಕಚೇರಿ ಬಿಟ್ಟು ಹೋದವಳಂತೆ. ನಾನು ನಿಂತೇ ಹೇಳಿದೆ. ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಉದುರಿಹೋಗಿದ್ದವು. ಗೋದಾಮಿಗೆ ಹೋಗಿರಲಿಲ್ಲ ಎಂದೆ. ಫೋನಿನಲ್ಲಿ ಹೇಳಿದ್ದು ನೆನಪಿತ್ತು ಎಂದೆ.

ಅವಳು ಅಳಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ನಾನು ಹಗುರಾಗಿ ಮನೆಗೆ ಹೋಗುತ್ತಿದ್ದೆ ಎಂದು ಅವಳಿಗೆ ತಿಳಿದಿತ್ತೋ ಏನೋ. ಸೆರಗಿನಿಂದ ಕೈ ಒರೆಸಿಕೊಂಡಳು.

"ಬಾಯಿಲೆ ಹೇಳಿದ್ದನ್ನ ತಗೊಂಡು ನಾ ಏನ್ ಮಾಡ್ಲಿ, ಸರ್? ಬರದು ಕೊಡ್ರಿ."

ಬರೆದುಕೊಂಡೇ ಬಂದಿದ್ದೇನೆ ಎಂದು ಹಾಳೆ ತೆಗೆದು ಕೊಟ್ಟೆ. ಕೊಡುವಾಗ ಒಂದು ಸಣ್ಣ ಹೆಮ್ಮೆ ಕೂಡ ಇತ್ತು, ಎಲ್ಲ ತಯಾರಿ ಮಾಡಿಕೊಂಡು ಬಂದೆ ಎಂದು. ಎಂಥ ಮನುಷ್ಯ ನಾನು. ಅವಳು ಜೋಳದ ಚೀಲದ ಮೇಲೆ ಕೂತು, ಸಾಲಿನ ಕೆಳಗೆ ಬೆರಳು ಹಿಡಿದು, ಒಂದೊಂದು ಚೀಲವನ್ನೂ ಮುಟ್ಟಿ ಎಣಿಸುತ್ತಿದ್ದ ಹಾಗೆಯೇ, ಒಂದೊಂದು ಸಾಲನ್ನೂ ಮುಟ್ಟುತ್ತ ಕೊನೆಯ ತನಕ ಓದಿದಳು. ಓದಿ ಮುಗಿಸಿ, ಹಾಳೆಯನ್ನು ಮಡಚಿ ತನ್ನ ಬಳಿಯೇ ಇಟ್ಟುಕೊಂಡಳು.